ಮಗುವಿನ ನಾಲಿಗೆಯ ಬಿಳಿ ಪದರ ಮತ್ತು ಕಾನೂನಿನ 'ಸಾಧ್ಯವಾದಷ್ಟು'

ಮಗುವಿನ ನಾಲಿಗೆ ಮೇಲೆ, ಕೆನ್ನೆಯ ಒಳಗೆ ಮೊಸರಿನ ಚೂರು ಅಂಟಿದ ಹಾಗೆ ಬಿಳಿ ಪದರ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು: "ಉಷ್ಣ ಆಗಿದೆ, ಎಳನೀರು ಕುಡಿಸಿ." ಆದರೆ ಇದಕ್ಕೆ ಕಾರಣ ಉಷ್ಣವಲ್ಲ, ಕ್ಯಾಂಡಿಡಾ ಎಂಬ ಶಿಲೀಂಧ್ರ. ಅನೇಕರ ಬಾಯಲ್ಲಿ ಅದು ಸುಮ್ಮನೆ ಇರುತ್ತೆ, ರೋಗನಿರೋಧಕ ಶಕ್ತಿ ಕುಗ್ಗಿದಾಗ ತಲೆ ಎತ್ತುತ್ತೆ. ವೈದ್ಯರು ಇದನ್ನು ಓರಲ್ ಥ್ರಶ್ ಅಂತಾರೆ.

ಹಾಗಂತ ಥ್ರಶ್ ಬಂದ ಮಗುವಿಗೆಲ್ಲ ಎಚ್‌ಐವಿ ಇದೆ ಅಂತಲ್ಲ. ಹಸುಗೂಸುಗಳಲ್ಲಿ ಇದು ಮಾಮೂಲಿ. ಆಂಟಿಬಯೋಟಿಕ್ ತೆಗೆದುಕೊಂಡಾಗಲೂ ಬರಬಹುದು. ಆದರೆ ಎಚ್‌ಐವಿ ಇರುವ ಮಗುವಿಗೆ ಹುಟ್ಟಿದ 6–8 ವಾರ ಕಳೆದ ಮೇಲೂ ಬೇರೆ ಕಾರಣವಿಲ್ಲದೆ ಇದು ಹೋಗದೇ ಇದ್ದರೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯ ನಾಲ್ಕು ಹಂತಗಳಲ್ಲಿ ಮೂರನೆಯದಕ್ಕೆ ಸೇರಿಸುತ್ತದೆ. ಅನ್ನನಾಳಕ್ಕೆ ಇಳಿದರೆ ನಾಲ್ಕನೆಯದು.

ಮತ್ತೆ ಮತ್ತೆ ಯಾಕೆ ಬರುತ್ತೆ? ಶಿಲೀಂಧ್ರವನ್ನು ಹದ್ದಿನಲ್ಲಿಡುವ ಸಿಡಿ4 ಕಣಗಳನ್ನೇ ಎಚ್‌ಐವಿ ನಾಶ ಮಾಡುತ್ತೆ. ನಿಸ್ಟಾಟಿನ್ ಹನಿ, ಫ್ಲುಕೋನಜೋಲ್ ಕೊಟ್ಟರೆ ಬಿಳಿ ಪದರ ಹೋಗುತ್ತೆ, ವೈರಸ್ ಹೋಗಲ್ಲ. ಸೂರು ಸೋರುತ್ತಿರುವಾಗ ನೆಲ ಒರೆಸಿದ ಹಾಗೆ. ಎಆರ್‌ಟಿ ಚಿಕಿತ್ಸೆ ಸರಿಯಾಗಿ ನಡೆದರೆ ಮಾತ್ರ ಸೂರು ನಿಲ್ಲುತ್ತೆ. ಆದ್ದರಿಂದ ಎಆರ್‌ಟಿಯಲ್ಲಿರುವ ಮಗುವಿಗೆ ಥ್ರಶ್ ಮರಳಿದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಮಾತ್ರೆ ತಪ್ಪುತ್ತಿದೆಯಾ? ತೂಕ ಹೆಚ್ಚಿದಂತೆ ಡೋಸ್ ಬದಲಾಗಿದೆಯಾ? ವೈರಲ್ ಲೋಡ್ ಪರೀಕ್ಷೆ ಆಗಿದೆಯಾ? ಔಷಧಿಯೇ ಸಿಗಲಿಲ್ಲವಾ? ಬಾಯಿ ಉರಿಯುವ ಮಗು ಊಟ ಬಿಡುತ್ತೆ, ಮಾತ್ರೆಯನ್ನೂ ಉಗುಳುತ್ತೆ. ಅಲ್ಲಿಗೆ ಕಾಯಿಲೆಗೆ ಇನ್ನಷ್ಟು ದಾರಿ.

ಇಲ್ಲಿಂದ ಇದು ರಾಜಕೀಯದ ಪ್ರಶ್ನೆ ಅನ್ನೋದು ನನ್ನ ವಾದ. ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾಗಿದ್ದು 2004ರಲ್ಲಿ, ಮಕ್ಕಳಿಗಾಗಿ ಪ್ರತ್ಯೇಕ ಕಾರ್ಯಕ್ರಮ 2006ರಲ್ಲಿ. ಆದರೂ 2017ರ ಮಾರ್ಚ್‌ನಲ್ಲಿ ಪುಟ್ಟ ಮಕ್ಕಳಿಗೆ ಕೊಡುವ ಲೋಪಿನಾವಿರ್ ಸಿರಪ್ ಸಿಗದೇ ಹೋದಾಗ, ಎಚ್‌ಐವಿ ಜೊತೆ ಬದುಕುವ ಮಕ್ಕಳೇ ಪ್ರಧಾನಿಗೆ ಪತ್ರ ಬರೆಯಬೇಕಾಯಿತು. ಮರುತಿಂಗಳು ಎಚ್‌ಐವಿ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದಿತು. ಒಳ್ಳೆಯದೇ. ಆದರೆ ಎಆರ್‌ಟಿಯನ್ನೂ ಥ್ರಶ್‌ನಂಥ ಅವಕಾಶವಾದಿ ಸೋಂಕುಗಳ ಚಿಕಿತ್ಸೆಯನ್ನೂ ಸರ್ಕಾರ 'ಸಾಧ್ಯವಾದಷ್ಟು' ಒದಗಿಸಬೇಕು ಎಂದು 14ನೇ ಸೆಕ್ಷನ್ ಹೇಳುತ್ತದೆ. ಆ ಪದ ತೆಗೆಯಿರಿ ಅಂತ ಎಚ್‌ಐವಿ ಸಮುದಾಯ ಕೇಳಿತ್ತು. ಅದು ಉಳಿದುಕೊಂಡಿತು.

ವೈರಸ್ಸಿಗೆ ಈ 'ಸಾಧ್ಯವಾದಷ್ಟು' ಅರ್ಥವಾಗಲ್ಲ. ಸ್ಟಾಕ್ ಖಾಲಿಯಾದ ವಾರ ಅದು ರಜೆ ಹಾಕಲ್ಲ.

ನಾವೇನು ಮಾಡಬಹುದು? ಜೊತೆಗೆ ಕೂತು ಉಂಡರೆ ಎಚ್‌ಐವಿ ಹರಡಲ್ಲ ಅಂತ ಶಾಲೆಗಳಲ್ಲಿ ಗಟ್ಟಿಯಾಗಿ ಹೇಳಬಹುದು. ಮಾಹಿತಿ ಬೇಕಾದವರಿಗೆ 1097 ಸಹಾಯವಾಣಿ ತಿಳಿಸಬಹುದು. ಇನ್ನೊಂದು, ಹತ್ತು ರೂಪಾಯಿಯ ಒಂದು ಆರ್‌ಟಿಐ ಅರ್ಜಿ: ನಮ್ಮ ಜಿಲ್ಲೆಯ ಎಆರ್‌ಟಿ ಕೇಂದ್ರದಲ್ಲಿ ಕಳೆದ ವರ್ಷ ಮಕ್ಕಳ ಔಷಧಿ ಎಷ್ಟು ದಿನ ಇರಲಿಲ್ಲ?