ತಣ್ಣೀರಿನ ರುಚಿಯೂ ತಣ್ಣೀರಿನ ಮೋಸವೂ

ವೈಶಾಖದ ಬಿಸಿಲಿನಲ್ಲಿ ನಡೆದು ಬಂದವನಿಗೆ ಮಣ್ಣಿನ ಹೂಜಿಯಿಂದ ಬಗ್ಗಿಸಿ ಕೊಟ್ಟ ಒಂದು ಚೊಂಬು ನೀರು ಅಮೃತಪ್ರಾಯವಾಗುವುದು. ಅದೇ ಬಾವಿಯ ನೀರನ್ನು ಕಾಯಿಸಿ, ಇನ್ನೂ ಉಗುರುಬೆಚ್ಚಗಿರುವಾಗ ಕೊಟ್ಟರೆ ಒಂದು ಗುಟುಕು ಕುಡಿದು ಚೊಂಬನ್ನು ಕೆಳಗಿಡುವನು. ನೀರು ಒಂದೇ ಆದರೂ ರುಚಿಯು ಬೇರೆಯಾದುದೇಕೆ? ಪ್ರಶ್ನೆಯು ಸಣ್ಣದಾಗಿ ತೋರಿದರೂ ಮನೆಮಂದಿಯ ಆರೋಗ್ಯವು ಇದಕ್ಕೆ ಅಂಟಿಕೊಂಡಿರುವುದರಿಂದ, ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ಮೊದಲನೆಯದಾಗಿ, ನಮ್ಮ ಬಾಯಿಯಲ್ಲಿ ರುಚಿಯನ್ನು ತಿಳಿಯುವ ಶಕ್ತಿಯಲ್ಲದೆ ತಂಪನ್ನು ತಿಳಿಯುವ ನರಗಳೂ ಬೇರೆಯಾಗಿರುವುವು. ಆ ನರಗಳಲ್ಲಿ ತಂಪನ್ನರಿಯುವ ಸೂಕ್ಷ್ಮದ್ವಾರವೊಂದನ್ನು ವಿಜ್ಞಾನಿಗಳು 2002ರಲ್ಲಿ ಗುರುತಿಸಿದರು. ಪೆಪ್ಪರಮೆಂಟನ್ನು ಚಪ್ಪರಿಸಿ ನೀರು ಕುಡಿದರೆ ಅದು ಮತ್ತಷ್ಟು ತಣ್ಣಗೆ ತೋರುವುದಷ್ಟೆ. ಅದರಲ್ಲಿರುವ ಮೆಂಥಾಲ್ ಇದೇ ದ್ವಾರವನ್ನು ತೆರೆಯುವುದೇ ಅದಕ್ಕೆ ಕಾರಣ. ಬಾಯಿ ತಂಪಾದೊಡನೆ, ಕುಡಿದ ನೀರು ರಕ್ತವನ್ನು ಸೇರುವ ಮೊದಲೇ, ಬಾಯಾರಿಕೆಯು ಅಡಗತೊಡಗುವುದು. ಬೆವರಿ ದಣಿದವರು ಸುಮಾರು 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ಹೆಚ್ಚಾಗಿ ಕುಡಿಯುವರೆಂದೂ, ಅದು ಇನ್ನೂ ಬಹಳ ತಣ್ಣಗಾದರೆ ಕುಡಿಯುವ ಪ್ರಮಾಣವು ತಗ್ಗುವುದೆಂದೂ ಪ್ರಯೋಗಗಳಿಂದ ಕಂಡುಬಂದಿದೆ.

ಎರಡನೆಯದು ವಾಸನೆ. ನೀರು ಬೆಚ್ಚಗಾದಷ್ಟೂ ಅದರಲ್ಲಿರುವ ವಾಸನೆಯ ಪದಾರ್ಥಗಳು ಮೇಲೆದ್ದು ಮೂಗನ್ನು ಮುಟ್ಟುವುವು, ತಣ್ಣಗಾದರೆ ಅಡಗಿರುವುವು. ನಲ್ಲಿಯ ನೀರಿನ ಕ್ಲೋರಿನ್ ವಾಸನೆಯು ಹೊತ್ತಾರೆಗಿಂತ ಮಧ್ಯಾಹ್ನ ಹೆಚ್ಚಾಗಿ ತಿಳಿಯುವುದನ್ನು ಎಷ್ಟೋ ಮಂದಿ ಕಂಡಿರಬಹುದು.

ಮೂರನೆಯದು ನೀರಿನಲ್ಲಿ ಕರಗಿರುವ ಗಾಳಿ. 0 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಕುದಿಸಿದರಂತೂ ಗಾಳಿಯು ಬಹುಮಟ್ಟಿಗೆ ಹೊರಟುಹೋಗುವುದು. ಕಾಯಿಸಿದ ನೀರು ಆರಿದ ಮೇಲೂ ಸಪ್ಪೆಯೆನಿಸುವುದು ಇದರಿಂದಲೇ.

ಇಲ್ಲಿಯೇ ಅಪಾಯವೂ ಇರುವುದು. ನಾಲಗೆಯು ತಂಪನ್ನೇ ಶುದ್ಧಿಯೆಂದು ಭ್ರಮಿಸುವುದು. ತಂಪು ವಾಸನೆಯನ್ನು ಮರೆಮಾಡಬಲ್ಲುದೇ ಹೊರತು ರೋಗಾಣುಗಳನ್ನು ಕೊಲ್ಲಲಾರದು. ಟೈಫಾಯಿಡ್ ಜ್ವರದ ಅಣುಜೀವಿಗಳು ಮಂಜುಗಡ್ಡೆಯಲ್ಲಿಯೂ ಬದುಕಿರಬಲ್ಲವು. ಆದರೂ ಮಕ್ಕಳು ಸಪ್ಪೆಯೆಂದು ಮುಖ ಸಿಂಡರಿಸಿದರೆಂಬ ಒಂದೇ ಕಾರಣದಿಂದ ನೀರು ಕಾಯಿಸುವುದನ್ನೇ ಬಿಟ್ಟ ಮನೆಗಳುಂಟು. ರುಚಿಗಾಗಿ ಆರೋಗ್ಯವನ್ನು ತೆರುವುದು ಬಲು ದುಬಾರಿಯ ವ್ಯಾಪಾರ.

ಎರಡನ್ನೂ ಉಳಿಸಿಕೊಳ್ಳುವ ಉಪಾಯವು ಕಷ್ಟವಾದುದಲ್ಲ. ನೀರನ್ನು ಕೊತಕೊತನೆ ಒಂದು ನಿಮಿಷ ಕುದಿಸಿ, ಮುಚ್ಚಿ ಆರಿಸತಕ್ಕದ್ದು. ಬಳಿಕ ಶುದ್ಧವಾದ ಎರಡು ಪಾತ್ರೆಗಳಲ್ಲಿ ನಾಲ್ಕಾರು ಬಾರಿ ಎತ್ತಿ ಹೊಯ್ದರೆ ಹೋದ ಗಾಳಿಯು ಮರಳಿ ಸೇರುವುದು. ಆಮೇಲೆ ಬಿಸಿನೀರಿನಲ್ಲಿ ತೊಳೆದ ಮಣ್ಣಿನ ಹೂಜಿಗೆ ತುಂಬಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಲಾವಂಚದ ಪರಿಮಳ ಬೇಕಾದವರು ಅದರ ಬೇರನ್ನು ನೀರಿನೊಡನೆಯೇ ಕುದಿಸುವುದು ಲೇಸು. ಚೊಂಬನ್ನೋ ಕೈಯನ್ನೋ ಒಳಗೆ ಅದ್ದದೆ, ಬಗ್ಗಿಸಿಕೊಳ್ಳುವುದೇ ಕ್ರಮ.

ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುವುದು. ಹೊರಗಿನ ಶಾಖವು ಒಳಗೆ ಬಾರದಿದ್ದರೆ, 10 ಲೀಟರ್ ನೀರಿನಲ್ಲಿ ಕೇವಲ 100 ಗ್ರಾಂ ಆವಿಯಾದರೂ ಉಳಿದುದು ಸುಮಾರು 6 ಡಿಗ್ರಿಯಷ್ಟು ತಣಿಯುವುದು. ಒಣಗಾಳಿಯ ರಾಯಚೂರು ಬಳ್ಳಾರಿಗಳಲ್ಲಿ ಹೂಜಿಯು ಚೆನ್ನಾಗಿ ತಣಿಸುವುದಕ್ಕೂ, ತೇವಗಾಳಿಯ ಮಂಗಳೂರಿನಲ್ಲಿ ಅಷ್ಟಾಗಿ ತಣಿಸದಿರುವುದಕ್ಕೂ ಇದೇ ಕಾರಣ.

ನಮ್ಮ ಗೃಹಿಣಿಯರು ಈ ಬೇಸಗೆಯಲ್ಲಿ ಒಂದು ವಾರ ಹೀಗೆ ಮಾಡಿ ನೋಡಲಿ. ಕಾಯಿಸಿದ ನೀರೆಂದು ಹೇಳದೆ ಕೊಟ್ಟರೆ, ಮುಖ ಸಿಂಡರಿಸಿದ ಮಕ್ಕಳೇ ಎರಡನೆಯ ಲೋಟಕ್ಕೆ ಕೈ ನೀಡುವರೆಂದು ನಾವು ನಂಬಿದ್ದೇವೆ.