ಕ್ಲಬ್ಬಿನ ಹಾಡಿಗೆ ಕಟ್ಟುವ ಶುಲ್ಕ

ನೈಟ್‌ಕ್ಲಬ್ಬಿನಲ್ಲಿ ಡಿಜೆ ಹಾಕುವ ಪ್ರತಿ ಹಾಡಿಗೂ ಎರಡು ಬಗೆಯ ಹಕ್ಕುದಾರರಿರುತ್ತಾರೆ. ಸಾಹಿತ್ಯ ಬರೆದವರು ಮತ್ತು ಸಂಗೀತ ಸಂಯೋಜಿಸಿದವರು ಒಂದು ಕಡೆ, ಅದನ್ನು ಧ್ವನಿಮುದ್ರಿಸಿ ಹೊರತಂದ ಕಂಪನಿ ಇನ್ನೊಂದು ಕಡೆ. ಸಿ.ಡಿ. ಕೊಂಡವರಿಗೆ, ಆ್ಯಪ್‌ಗೆ ತಿಂಗಳ ಚಂದಾ ಕಟ್ಟಿದವರಿಗೆ ಸಿಗುವುದು ತಾವು ಕೇಳುವ ಹಕ್ಕು ಮಾತ್ರ. ಗಿರಾಕಿಗಳ ಮುಂದೆ ಅದೇ ಹಾಡನ್ನು ಹಾಕಬೇಕಾದರೆ ಬೇರೆಯೇ ಪರವಾನಗಿ ಪಡೆಯಬೇಕು.

ಈ ಪದ್ಧತಿ ಹುಟ್ಟಿದ್ದು ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ. 1847ರಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನೆಕಾರ ಅಲ್ಲಿ ಕುಳಿತಿದ್ದಾಗ ವಾದ್ಯಗೋಷ್ಠಿಯವರು ಅವನದೇ ಹಾಡು ನುಡಿಸಿದರು. ನನ್ನ ಹಾಡಿಗೆ ನೀವು ಕಾಸು ಕೊಡುವುದಿಲ್ಲವೆಂದ ಮೇಲೆ ನಿಮ್ಮ ಪಾನೀಯಕ್ಕೆ ನಾನೇಕೆ ಕೊಡಲಿ ಎಂದು ಅವನು ಬಿಲ್ ಕಟ್ಟಲು ಒಪ್ಪಲಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ತೀರ್ಪು ಬೂರ್ಜೆಯ ಪರವಾಗಿಯೇ ಬಂತು. ಊರೂರಿನ ಕೆಫೆಗಳಿಗೆ ಅಲೆದು ಹಣ ವಸೂಲಿ ಮಾಡುವುದು ಒಬ್ಬಂಟಿ ಕವಿಯ ಕೈಲಾಗುವ ಕೆಲಸವಲ್ಲ. ಹಾಗಾಗಿ ಲೇಖಕರು, ಸಂಯೋಜಕರು, ಪ್ರಕಾಶಕರು ಸೇರಿ 1851ರಲ್ಲಿ ‘ಸಾಸೆಮ್’ ಎಂಬ ಸಂಘ ಕಟ್ಟಿದರು. ಅದು ಇಂದಿಗೂ ಇದೆ, ಬೇರೆ ದೇಶಗಳ ಹಕ್ಕುಸ್ವಾಮ್ಯ ಸಂಘಗಳೂ ಅದರ ಜಾಡಿನಲ್ಲೇ ನಡೆದಿವೆ.

ಹಾಡಿನಿಂದಲೇ ವ್ಯಾಪಾರ ನಡೆಸುವ ಜಾಗ ಹಾಡು ಕಟ್ಟಿದವರಿಗೆ ಪಾಲು ಕೊಡಬೇಕೆಂಬುದು ನ್ಯಾಯವಾದ ಮಾತು. ಎಷ್ಟು ಕೊಡಬೇಕು, ಯಾವ ಲೆಕ್ಕದಲ್ಲಿ ಕೊಡಬೇಕು ಎನ್ನುವಲ್ಲಿ ತಕರಾರು ಶುರುವಾಗುತ್ತದೆ. ಹೋಟೆಲಿನಲ್ಲಿ ಊಟದ ಜೊತೆಗೆ ಹಾಡು ಕೇಳಿಸುತ್ತಿರುತ್ತದೆ, ಅಷ್ಟೇ. ಕ್ಲಬ್ಬಿಗೆ ಜನ ಬರುವುದೇ ಕುಣಿಯಲು. ಹಾಡು ನಿಂತರೆ ಅಲ್ಲಿ ವ್ಯಾಪಾರವೇ ಇಲ್ಲ. ಆದ್ದರಿಂದ ಕ್ಲಬ್ಬುಗಳ ದರ ಹೆಚ್ಚಿರಬೇಕೆಂದು ಹಕ್ಕುದಾರರು ವಾದಿಸುತ್ತಾರೆ.

ಆಸ್ಟ್ರೇಲಿಯಾದಲ್ಲಿ ಈ ವಾದ ಗೆದ್ದಿತು. ಧ್ವನಿಮುದ್ರಣ ಕಂಪನಿಗಳ ಪರವಾಗಿ ಶುಲ್ಕ ಸಂಗ್ರಹಿಸುವ ಪಿಪಿಸಿಎ ಸಂಸ್ಥೆಗೆ ನೈಟ್‌ಕ್ಲಬ್ಬುಗಳು ತಲೆಗೆ ಸುಮಾರು 7 ಸೆಂಟ್ ಕೊಡುತ್ತಿದ್ದವು. 2007ರಲ್ಲಿ ಅಲ್ಲಿನ ಕಾಪಿರೈಟ್ ಟ್ರಿಬ್ಯೂನಲ್ ಅದನ್ನು 1 ಡಾಲರ್ 5 ಸೆಂಟ್‌ಗೆ ಏರಿಸಿತು. ಒಂದು ರಾತ್ರಿ 500 ಜನ ಬರುವ ಕ್ಲಬ್ಬನ್ನು ತೆಗೆದುಕೊಂಡರೆ, ಹಳೆಯ ಲೆಕ್ಕದಲ್ಲಿ 35 ಡಾಲರ್ ಆಸುಪಾಸಿನಲ್ಲಿದ್ದ ಶುಲ್ಕ ಹೊಸ ಲೆಕ್ಕದಲ್ಲಿ 525 ಡಾಲರ್ ಆಗುತ್ತದೆ. ಹಳೆಯ ದರ ತೀರಾ ಕಡಿಮೆಯಿತ್ತೆಂಬುದು ನಿಜ. ಆದರೂ ವಾರಕ್ಕೆ ಎರಡೇ ರಾತ್ರಿ ತುಂಬುವ, ಬಾಡಿಗೆ, ಸಂಬಳ, ವಿಮೆ ಎಲ್ಲವನ್ನೂ ಆ ಎರಡು ರಾತ್ರಿಗಳಲ್ಲೇ ದುಡಿಯಬೇಕಾದ ಸಣ್ಣ ಕ್ಲಬ್ಬಿಗೆ ಇದು ಭಾರವಾದ ಏಟು.

ಜರ್ಮನಿಯಲ್ಲಿ ಜಗಳ ಬೀದಿಗೇ ಬಂತು. ಅಲ್ಲಿ ಸಂಯೋಜಕರ, ಗೀತರಚನೆಕಾರರ ಸಂಘದ ಹೆಸರು ‘ಗೆಮಾ’. ಹಲವು ಬಗೆಯ ದರಗಳನ್ನು ಕೈಬಿಟ್ಟು, ಪ್ರವೇಶದರ ಮತ್ತು ಜಾಗದ ವಿಸ್ತೀರ್ಣದ ಮೇಲೆ ಶುಲ್ಕ ಲೆಕ್ಕ ಹಾಕುವ ಯೋಜನೆಯನ್ನು ಅದು 2012ರಲ್ಲಿ ಮುಂದಿಟ್ಟಿತು. ಜಾಗ ಪೂರ್ತಿ ತುಂಬಿದರೆ ಟಿಕೆಟ್ಟಿನಿಂದ ಬರಬಹುದಾದ ಹಣದಲ್ಲಿ ಶೇ 10ರಷ್ಟು ಸಂಘಕ್ಕೆ ಎಂಬುದು ಅದರ ತಿರುಳು. ಕಾರ್ಯಕ್ರಮ ಹೆಚ್ಚು ಹೊತ್ತು ನಡೆದರೆ ಅದಕ್ಕೆ ಮೇಲುದರ. ಬರ್ಲಿನ್ನಿನ ಕ್ಲಬ್ಬುಗಳಿಗೆ ಬೆಳಕು ಹರಿದ ಮೇಲೂ ಬಾಗಿಲು ಹಾಕುವ ರೂಢಿಯಿಲ್ಲ. ಹೀಗಾಗಿ ಅವುಗಳ ಬುಡಕ್ಕೇ ಕೊಡಲಿ ಬಿದ್ದಂತಾಯಿತು. ಶುಲ್ಕ ಹಲವು ಪಟ್ಟು ಏರುತ್ತದೆಂದು ಮಾಲೀಕರು ಲೆಕ್ಕ ತೋರಿಸಿದರು. ಹಳೆಯ ವಿದ್ಯುತ್ ಸ್ಥಾವರದಲ್ಲಿರುವ ಜಗತ್ಪ್ರಸಿದ್ಧ ಬರ್ಗ್‌ಹೈನ್ ಕ್ಲಬ್ ಕೂಡ ಮುಚ್ಚಬಹುದೆಂಬ ಮಾತು ಹಬ್ಬಿತು. ಸಾವಿರಾರು ಜನ ಬೀದಿಗಿಳಿದರು. ಜೂನ್ 30ರ ರಾತ್ರಿ ಹಲವಾರು ಕ್ಲಬ್ಬುಗಳು ಐದು ನಿಮಿಷ ಸಂಗೀತ ನಿಲ್ಲಿಸಿದವು. ಯೋಜನೆ ಮುಂದಕ್ಕೆ ಹೋಯಿತು. ಕೊನೆಗೆ 2013ರಲ್ಲಿ ಹೋಟೆಲ್ ಉದ್ಯಮದ ಒಕ್ಕೂಟದ ಜೊತೆ ರಾಜಿಯಾಗಿ, ಡಿಸ್ಕೊಗಳ ಶುಲ್ಕವನ್ನು ಹಲವು ವರ್ಷಗಳಲ್ಲಿ ಹಂತಹಂತವಾಗಿ ಏರಿಸುವ ತೀರ್ಮಾನವಾಯಿತು. ಬರ್ಗ್‌ಹೈನ್ ಮುಚ್ಚಲಿಲ್ಲ.

ದರದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಕ್ಲಬ್ ಕಟ್ಟಿದ ಹಣ ಅಲ್ಲಿ ಯಾರ ಹಾಡು ಬಂತೋ ಅವರನ್ನೇ ತಲುಪುತ್ತದೆಯೇ? ರೇಡಿಯೊ ಕೇಂದ್ರದ ಬಳಿ ಹಾಡುಗಳ ಪಟ್ಟಿಯಿರುತ್ತದೆ. ಡಿಜೆ ಪೆನ್‌ಡ್ರೈವ್‌ನಿಂದ ತೆಗೆದು, ಒಂದರೊಳಗೊಂದು ಬೆರೆಸಿ ಹಾಕುವ ಟ್ರ್ಯಾಕುಗಳ ಪಟ್ಟಿಯನ್ನು ಬರೆದಿಡುವವರು ವಿರಳ. ಗೆಮಾ ಎಲ್ಲ ಕ್ಲಬ್ಬುಗಳ ಲೆಕ್ಕ ಇಡುತ್ತಿರಲಿಲ್ಲ, ಆಯ್ದ ಕೆಲವು ಡಿಸ್ಕೊಗಳಲ್ಲಿ ಧ್ವನಿ ದಾಖಲಿಸುವ ಪೆಟ್ಟಿಗೆ ಇರಿಸಿ, ಆ ಮಾದರಿಯ ಆಧಾರದ ಮೇಲೆ ಹಣ ಹಂಚುತ್ತಿತ್ತು. ಈ ವಿಧಾನದಲ್ಲಿ ಎಲ್ಲೆಲ್ಲೂ ಕೇಳುವ ಜನಪ್ರಿಯ ಹಾಡಿಗೆ ಲಾಭ, ಒಂದೆರಡು ಕ್ಲಬ್ಬುಗಳಲ್ಲಷ್ಟೇ ಬರುವ ಹೊಸ ಟ್ರ್ಯಾಕಿಗೆ ನಷ್ಟ. ಹಾಡು ಗುರುತಿಸುವ ತಂತ್ರಾಂಶಗಳು ಈಗ ಧಾರಾಳವಾಗಿ ಸಿಗುತ್ತಿರುವಾಗ ಈ ಅನ್ಯಾಯ ಮುಂದುವರಿಯಬೇಕಿಲ್ಲ.

ಭಾರತದಲ್ಲಿ ಗೊಂದಲವಿರುವುದು ಹಣ ಯಾರಿಗೆ ಕಟ್ಟಬೇಕು ಎಂಬಲ್ಲೇ. ಬೆಂಗಳೂರಿನ ಪಬ್ ಮಾಲೀಕರಿಗೆ ಮದ್ಯ ಮಾರಲು ಅಬಕಾರಿ ಇಲಾಖೆ ಕೊಡುವ ಸಿಎಲ್-9 ಪರವಾನಗಿ ಇದ್ದರಷ್ಟೇ ಸಾಲದು. ಲೈವ್ ಬ್ಯಾಂಡ್, ಡಿಸ್ಕೊಗಳಿಗೆ ಪೊಲೀಸರ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಹಾಡಿನ ಹಕ್ಕು ಇವೆರಡಕ್ಕಿಂತ ಬೇರೆ. ಸಾಹಿತ್ಯ ಮತ್ತು ಸಂಯೋಜನೆಯ ಶುಲ್ಕ ಹೋಗುವುದು ಐಪಿಆರ್‌ಎಸ್ ಎಂಬ ಸಂಘಕ್ಕೆ. ಧ್ವನಿಮುದ್ರಣದ ಹಕ್ಕಿಗಾದರೆ ಪಿಪಿಎಲ್, ನೋವೆಕ್ಸ್, ಆರ್‌ಎಂಪಿಎಲ್ ಎಂಬ ಮೂರು ಸಂಸ್ಥೆಗಳಿವೆ. ಈ ಮೂರರಲ್ಲಿ ನೋಂದಾಯಿತ ಹಕ್ಕುಸ್ವಾಮ್ಯ ಸಂಘವಾಗಿರುವುದು ಆರ್‌ಎಂಪಿಎಲ್ ಮಾತ್ರ. ನೋಂದಣಿಯಿಲ್ಲದೆ ಪರವಾನಗಿ ವ್ಯವಹಾರ ನಡೆಸುವಂತಿಲ್ಲವೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಹಕ್ಕಿನ ಒಡೆತನವೇ ತಮ್ಮದಾಗಿದ್ದರೆ ನಡೆಸಬಹುದೆಂದು ಬಾಂಬೆ ಹೈಕೋರ್ಟ್ 2024ರಲ್ಲಿ ಹೇಳಿತು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಪಿಪಿಎಲ್ ವಿರುದ್ಧ ನೀಡಿದ ಆದೇಶಕ್ಕೆ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ದೊಡ್ಡ ಹೋಟೆಲುಗಳು ವಕೀಲರನ್ನಿಟ್ಟು ಹೋರಾಡಬಲ್ಲವು. ಸಣ್ಣ ಪಬ್‌ನವರು ನೋಟಿಸ್ ಬಂದ ಕೂಡಲೇ ಹೆದರಿ ಹಣ ಕಟ್ಟುತ್ತಾರೆ, ಇಲ್ಲವೇ ಬ್ಯಾಂಡ್ ಕರೆಸುತ್ತಾರೆ. ಬ್ಯಾಂಡಿನವರು ತಾವೇ ಹಾಡಿ ನುಡಿಸುವುದರಿಂದ ಧ್ವನಿಮುದ್ರಣದ ಹಕ್ಕಿನ ಪ್ರಶ್ನೆ ಏಳುವುದಿಲ್ಲ. ಐಪಿಆರ್‌ಎಸ್ ಪಟ್ಟಿಯಲ್ಲಿರುವ ಹಾಡುಗಳನ್ನು ಹಾಡಿದರೆ ಅದರ ಶುಲ್ಕವನ್ನು ಆಗಲೂ ಕಟ್ಟಬೇಕು.