ನೀರು ನೋಡಲು ಕಾರ್ತಿಕದಲ್ಲಿ ಬನ್ನಿ

ಘಟ್ಟದ ಮೇಲೆ ಮಳೆ ಜೋರಾಯಿತೆಂದರೆ ನಮ್ಮ ಭಾಗದ ಪತ್ರಿಕೆಗಳಲ್ಲಿ ವರ್ಷವೂ ಅವೇ ಜೋಡಿ ಹೆಸರುಗಳು ಕಾಣಿಸಿಕೊಳ್ಳುತ್ತವೆ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ. ಎಲ್ಲವೂ ಕೆಳಮಟ್ಟದ ಸೇತುವೆಗಳು, ಎಲ್ಲವೂ ಮುಳುಗಡೆ. ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ. ಸಂಜೆಯೊಳಗೆ ಅದರ ಪಕ್ಕದಲ್ಲಿ ಬೈಕುಗಳ ಸಾಲು ನಿಂತಿರುತ್ತದೆ. ಮಿರ್ಚಿ ಭಜಿಯ ಗಾಡಿಯೂ ಬರುತ್ತದೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವರು ಕೆಂಪು ನೀರಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ, ‘ನೀರ ನೋಡಾಕ ಹೋಗಿದ್ವಿ’ ಎನ್ನುತ್ತಾರೆ. ನೀರು ಇಳಿಯಿತೋ, ನೋಡುವವರೂ ಇಳಿದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ಹೊಳಿ ನಮಗೆ ಒಂದೋ ಪಂಪ್‌ಸೆಟ್ ಇಳಿಸುವ ಜಾಗ, ಇಲ್ಲವೇ ಮಹಾಪೂರದ ಭಯ. 2005, 2019, 2021ರ ನೆನಪಿದ್ದವರಿಗೆ ಅದನ್ನು ಪ್ರೀತಿಯಿಂದ ನೋಡಿ ಎಂದು ಹೇಳುವುದೂ ಸ್ವಲ್ಪ ಕಷ್ಟವೇ.

ಆದರೂ ಹೇಳುತ್ತೇನೆ. ದೀಪಾವಳಿ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಹಿಡಿಯುವ ಹೊತ್ತಿಗೆ ಕೃಷ್ಣೆ ತಿಳಿಯಾಗಿ, ಬ್ಯಾರೇಜುಗಳ ಹಿಂದೆ ನಿಂತು, ಕೆರೆಯ ಹಾಗೆ ಅಗಲವಾಗಿರುತ್ತಾಳೆ. ಆಗ ಹೋಗಬೇಕು. ಮೊದಲು ಖಿದ್ರಾಪುರಕ್ಕೆ.

ಚಿಕ್ಕೋಡಿಯಿಂದ ಏಕಸಂಬಾಕ್ಕೆ ಬಂದು, ದೂಧಗಂಗೆ ದಾಟಿದರೆ ದಾನವಾಡ. ಅಲ್ಲಿಂದ ಮಹಾರಾಷ್ಟ್ರದ ಶಿರೋಳ ತಾಲ್ಲೂಕು. ಟಾಕಳಿ ಮೇಲೆ ಹಾಯ್ದು ಖಿದ್ರಾಪುರ ಮುಟ್ಟಿದಾಗ ಊರಿನ ಆಚೆ ಮತ್ತೆ ಹೊಳಿ, ಹೊಳಿಯ ಆಚೆ ದಂಡೆಯಲ್ಲಿ ಕಾಗವಾಡ ತಾಲ್ಲೂಕಿನ ಜುಗೂಳ. ಎರಡು ನದಿಗಳ ನಡುವೆ ಸಿಕ್ಕ ಈ ಊರಿನಲ್ಲಿ ಕೋಪೇಶ್ವರನ ಗುಡಿ ಇದೆ. ಶಿಲಾಹಾರರ ಕಾಲದಲ್ಲಿ, 12ನೇ ಶತಮಾನದಲ್ಲಿ ಬೆಳೆದ ಗುಡಿ. ಯಾದವರ ಸಿಂಘಣನ ಒಂದು ಸಂಸ್ಕೃತ ಶಾಸನ ದಕ್ಷಿಣ ಬಾಗಿಲಿನ ಬಳಿ ಇದೆ. ಉಳಿದ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದವು. ಗಡಿಯ ಜಗಳವನ್ನು ಇಲ್ಲಿ ಎತ್ತುವ ಆಸೆ ಯಾರಿಗಾದರೂ ಆದೀತು. ನನಗಿಲ್ಲ. ಆ ಶಾಸನಗಳನ್ನು ಕಡೆದವರಿಗೆ ಶಿರೋಳ ಯಾವ ರಾಜ್ಯದ್ದು ಎಂಬ ಚಿಂತೆ ಇರಲಿಲ್ಲ.

ಗುಡಿಯ ಮುಂದೆ ಸ್ವರ್ಗಮಂಟಪ. ನಲವತ್ತೆಂಟು ಕಂಬಗಳು, ಒಳಸುತ್ತಿನಲ್ಲಿ ಹನ್ನೆರಡು. ನಟ್ಟನಡುವೆ ಚಾವಣಿಯೇ ಇಲ್ಲ. ದುಂಡಗೆ ಆಕಾಶ ಬಿಟ್ಟಿದ್ದಾರೆ. ಆ ತೆರವಿನ ಕೆಳಗೆ ಅಷ್ಟೇ ದುಂಡನೆಯ ಕಲ್ಲು ಹಾಸಿದೆ. ಬೆಳಿಗ್ಗೆ ಬಿಸಿಲಿನ ವೃತ್ತ ಕಂಬಗಳ ಬುಡದಿಂದ ಜಾರುತ್ತ ಆ ಕಲ್ಲಿನ ಕಡೆ ಬರುವುದನ್ನು ಕುಳಿತು ನೋಡಬಹುದು. ಮೈಗೆ ಬಿಸಿಲು ತಾಗುವ ಮೊದಲೇ ಅಂಗಾಲಿಗೆ ಕಲ್ಲಿನ ಬಿಸಿ ತಿಳಿಯುತ್ತದೆ. ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಂತೆ ನುಣುಪು ಮಾಡಿದ್ದಾರೆ, ಹತ್ತಿರ ನಿಂತರೆ ಮುಖದ ನೆರಳು ಮೂಡುತ್ತದೆ. ಹೊರಗೋಡೆಯ ಬುಡಕ್ಕೆ ಆನೆಗಳ ಸಾಲು, ಇಡೀ ಗುಡಿಯನ್ನು ಹೊತ್ತು ನಿಂತ ಹಾಗೆ. ಸೊಂಡಿಲುಗಳು ಬಹುತೇಕ ಮುರಿದಿವೆ. 2019ರ ಪೂರದಲ್ಲಿ ಗುಡಿಯೊಳಕ್ಕೂ ನೀರು ನುಗ್ಗಿತ್ತು, ಕಲ್ಲು ಜಗ್ಗಲಿಲ್ಲ.

ಶಿವನ ಗುಡಿ, ಆದರೆ ಎದುರಿಗೆ ನಂದಿ ಇಲ್ಲ. ಜನ ಹೇಳುವ ಕತೆ ಚೆನ್ನಾಗಿದೆ. ದಕ್ಷನ ಯಜ್ಞಕ್ಕೆ ಸತಿಯನ್ನು ನಂದಿಯೇ ಹೊತ್ತು ಹೋದ. ಅವಳು ಅಲ್ಲಿ ಬೆಂದುಹೋದಳು. ಶಿವ ಕೋಪದಲ್ಲಿ ಬಂದು ಇಲ್ಲಿ ಕುಳಿತ, ಅವನನ್ನು ಸಮಾಧಾನ ಮಾಡಲು ವಿಷ್ಣು ಧೋಪೇಶ್ವರನಾಗಿ ಪಕ್ಕದಲ್ಲೇ ಕುಳಿತ. ಗರ್ಭಗುಡಿಯಲ್ಲಿ ಎರಡೂ ಲಿಂಗಗಳಿವೆ. ಹೋದ ನಂದಿ ಮಾತ್ರ ಮರಳಲಿಲ್ಲ, ಯಡೂರಿನಲ್ಲಿ ಉಳಿದ. ದೇವರು ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ. ಹಾಗಾಗಿ ಈ ಪ್ರವಾಸ ಖಿದ್ರಾಪುರದಲ್ಲಿ ಮುಗಿಯುವಂತಿಲ್ಲ. ಯಡೂರಿಗೆ ಹೋಗಲೇಬೇಕು. ಮಾಂಜರಿ ಸಮೀಪದ ಈ ಊರಲ್ಲಿ ವೀರಭದ್ರನ ಗುಡಿ ಕೃಷ್ಣೆಯ ದಂಡೆಗೇ ಇದೆ. ದಕ್ಷನ ಯಜ್ಞ ಕೆಡಿಸಿದವನೂ ಅವನೇ ಅಲ್ಲವೇ? ಕತೆ ಕಟ್ಟಿದವರು ನಕ್ಷೆಯನ್ನೂ ಬಲ್ಲವರು.

ನೀರಿನ ದಂಡೆಗೆ ಗುಡಿ, ಗುಡಿಗೊಂದು ಕತೆ ಎಂದಾಗ ಜಪಾನಿನ ಬೀವಾ ಸರೋವರದ ಮಾತೂ ಬೇಕು. ಜಪಾನಿನಲ್ಲೇ ಅತಿ ದೊಡ್ಡದು, ಸುಮಾರು 670 ಚದರ ಕಿಲೋಮೀಟರ್, ಶಿಗಾ ಪ್ರಾಂತ್ಯದ ನಟ್ಟನಡುವೆ ಇದೆ. ಅದರಲ್ಲೊಂದು ಪುಟ್ಟ ದ್ವೀಪ ಚಿಕುಬು. ನಾಗಹಾಮಾ ಎಂಬ ಊರಿನಿಂದ ದೋಣಿ ಹತ್ತಿ ಹೋಗಬೇಕು. ಇಳಿದರೆ ಕಡಿದಾದ ಕಲ್ಲು ಮೆಟ್ಟಿಲು, ಮೇಲೆ ಹೋಗೋನ್‌ಜಿ ಗುಡಿ. ಒಳಗಿರುವ ದೇವಿ ಬೆಂಝೈತೆನ್. ಯಾರೆಂದರೆ, ಬೌದ್ಧರ ಜೊತೆ ಚೀನಾ ಹಾಯ್ದು ಅಲ್ಲಿಗೆ ಮುಟ್ಟಿದ ನಮ್ಮ ಸರಸ್ವತಿಯೇ. ಪಕ್ಕದ ಶಿಂತೋ ಗುಡಿಯಲ್ಲಿ ಭಕ್ತರು ಮಣ್ಣಿನ ಪುಟ್ಟ ತಟ್ಟೆಯ ಮೇಲೆ ಹರಕೆ ಬರೆದು, ನೀರಿನ ಅಂಚಿನ ತೋರಣಗಂಬದ ನಡುವೆ ತೂರುವಂತೆ ಎಸೆಯುತ್ತಾರೆ. ಗುರಿ ತಪ್ಪಿದವರ ತಟ್ಟೆಗಳ ಚೂರು ಕೆಳಗೆ ರಾಶಿ ಬಿದ್ದಿದೆ. ಗುಡಿ, ನೀರು, ದೋಣಿ, ಕತೆ: ಖಿದ್ರಾಪುರಕ್ಕೂ ಯಡೂರಿಗೂ ಇರುವುದೇ ಅಲ್ಲೂ ಇರುವುದು.

ಜಗಳವೂ ನಮ್ಮಂಥದ್ದೇ. ಬೀವಾಕ್ಕೆ ನೂರಾರು ಹೊಳೆಗಳು ಸೇರುತ್ತವೆ, ಸಹಜವಾಗಿ ಹೊರಬೀಳುವುದು ಸೆತಾ ಒಂದೇ. 1896ರಲ್ಲಿ ಸರೋವರ ಉಕ್ಕಿ ದಂಡೆಯ ಊರುಗಳು ಮುಳುಗಿದವು. 1905ರಲ್ಲಿ ಸೆತಾಕ್ಕೆ ಗೇಟುಗಳ ಒಡ್ಡು ಕಟ್ಟಿದರು. ಆಮೇಲೆ ಮಳೆ ಹೆಚ್ಚಾದಾಗಲೆಲ್ಲ ದಂಡೆಯವರು ಗೇಟು ತೆಗೆಯಿರಿ ಎನ್ನುವುದು, ಕೆಳಗಿನ ಒಸಾಕಾದವರು ಮುಚ್ಚಿರಿ ಎನ್ನುವುದು. ಆಲಮಟ್ಟಿ ಮತ್ತು ಸಾಂಗಲಿಯ ನಡುವಿನ ಮಾತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರೆಯಾದದ್ದು ಎಲ್ಲಿ? 1977ರಲ್ಲಿ ಬೀವಾದ ನೀರು ಕೆಂಪು ಪಾಚಿ ಬಂದು ನಾರಿತು. ಬಟ್ಟೆ ಒಗೆಯುವ ಪುಡಿಯಲ್ಲಿನ ರಂಜಕವೂ ಒಂದು ಕಾರಣ ಎಂದು ಗೊತ್ತಾದಾಗ ಮನೆಯ ಹೆಂಗಸರು ಆ ಪುಡಿ ಬಿಟ್ಟು ಸಾಬೂನು ಹಿಡಿದರು, ಬೀದಿಗಿಳಿದರು. 1979ರಲ್ಲಿ ಶಿಗಾ ಸರ್ಕಾರ ರಂಜಕದ ಪುಡಿಯ ಮಾರಾಟವನ್ನೇ ನಿಷೇಧಿಸುವ ಕಾನೂನು ಮಾಡಿತು. ನನಗೆ ಅದಕ್ಕಿಂತ ಹಿಡಿಸಿದ್ದು 1983ರಲ್ಲಿ ಶುರುವಾದ ಇನ್ನೊಂದು ಪದ್ಧತಿ. ‘ಉಮಿನೊಕೊ’ ಎಂಬ ಹಡಗು ಅಲ್ಲಿ ತೇಲುವ ಶಾಲೆ. ಶಿಗಾದ ಐದನೇ ತರಗತಿಯ ಮಕ್ಕಳು ಅದನ್ನು ಹತ್ತಿ ಸರೋವರದ ಮೇಲೆಯೇ ರಾತ್ರಿ ಕಳೆಯುತ್ತಾರೆ, ನೀರು ಮೊಗೆದು ಪರೀಕ್ಷಿಸುತ್ತಾರೆ.

ನಮ್ಮಲ್ಲಿ ಮಕ್ಕಳಿಗೆ ಹೇಳುವ ಪಾಠ ಒಂದೇ: ಹೊಳಿ ಕಡೆ ಹೋಗಬ್ಯಾಡ. ಯಡೂರಿನ ಘಾಟಿನಲ್ಲಿ ಕುಂಕುಮದ ಪೊಟ್ಟಣ, ಹಾರ, ಪ್ಲಾಸ್ಟಿಕ್ ಚೀಲ ನೀರಿಗೆ ಬಿಡುತ್ತಿದ್ದ ಸಂಸಾರವೊಂದರ ಹುಡುಗ ಎರಡು ಮೆಟ್ಟಿಲು ಇಳಿದದ್ದಕ್ಕೆ ಬೈಸಿಕೊಂಡ. ಚೀಲಕ್ಕೆ ಯಾರೂ ಬೈಯಲಿಲ್ಲ. ಪಕ್ಕದಲ್ಲಿ ಧೋತರ ಹಿಂಡುತ್ತಿದ್ದ ಮುದುಕರನ್ನು ‘ಅಜ್ಜಾರ, ಮೊದಲ ಹಿಂಗ ಇತ್ತೇನ್ರಿ?’ ಎಂದೆ. ‘ಈಸಾಕ ಬರದಾವ್ರು ಆಗ ಊರಾಗ ಇರಲಿಲ್ಲ ತಮ್ಮಾ’ ಎಂದರು. ದೂಧಗಂಗಾ–ವೇದಗಂಗಾ ಕೂಡುವ ಭೋಜದಲ್ಲಿ ಬೆಳೆದ ಜೈನ ಆಚಾರ್ಯ ಶಾಂತಿಸಾಗರರ ಬಗ್ಗೆ ಹೇಳುವ ಕತೆಯೂ ಅಂಥದ್ದೇ: ಸನ್ಯಾಸಕ್ಕೆ ಮೊದಲು ಅವರು ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳಿ ದಾಟಿಸುತ್ತಿದ್ದರಂತೆ.

ನಿಪ್ಪಾಣಿಗೆ ಕುಡಿಯಲು ನೀರು ಕೊಡುವ ಜವಾಹರ ತಲಾವ್ ತುಂಬಿದಾಗ ಬಾಗಿನ ಕೊಡುತ್ತಾರೆ, ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಅದೇ ದಿನ ಊರಿನ ಐದನೇ ತರಗತಿಯವರನ್ನೂ ಏರಿಯ ಮೇಲೆ ಕರೆದೊಯ್ದು, ಮನೆಯ ನಲ್ಲಿಗೆ ಬರುವುದು ಈ ನೀರೇ ಎಂದು ತೋರಿಸಲು ಹಡಗೇನೂ ಬೇಕಿಲ್ಲ.

ಹೊರಡುವವರಿಗೆ ಒಂದೆರಡು ಮಾತು. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಸ್ವರ್ಗಮಂಟಪದ ತೆರವಿನ ನೇರಕ್ಕೆ ಬರುತ್ತಾನೆಂದು ಈಚೆಗೆ ವಿಪರೀತ ಜನ ಸೇರುತ್ತಾರೆ. ಕಂಬ ನೋಡಬೇಕೆಂದಿದ್ದರೆ ಆ ದಿನ ಬಿಟ್ಟು ಹೋಗಿ, ಬೆಳಿಗ್ಗೆ ಹೋಗಿ. ನಿಪ್ಪಾಣಿಯವರಿಗೆ ಸದಲಗಾ–ಏಕಸಂಬಾ ದಾರಿ, ರಾಯಬಾಗದವರಿಗೆ ಅಂಕಲಿ. ಅಥಣಿ, ಕಾಗವಾಡದವರು ಮಾಂಜರಿ ಸೇತುವೆ ದಾಟಿ ಯಡೂರನ್ನೇ ಮೊದಲು ನೋಡುವುದು ಸಲೀಸು. ಸಮಯವಿದ್ದರೆ ಪಂಚಗಂಗೆ ಕೃಷ್ಣೆಗೆ ಸೇರುವ ನರಸೋಬಾವಾಡಿಗೂ ಹೋಗಿ ಬನ್ನಿ. ದತ್ತನ ದರ್ಶನ ಆದ ಮೇಲೆ ಅಲ್ಲಿಯ ಬಾಸುಂದಿ ತಿನ್ನದೆ ಬಂದರೆ ಮನೆಯಲ್ಲಿ ಜವಾಬು ಕೊಡಬೇಕಾಗುತ್ತದೆ.